ಶಾಲಾ ಅನುದಾನದ ಲೆಕ್ಕ ಕೇಳಲು ಆರ್‌ಟಿಐ ಆನ್‌ಲೈನ್: ಹತ್ತು ರೂಪಾಯಿಗೆ ಏನು ಸಿಗುತ್ತದೆ, ಎಲ್ಲಿ ಎಡವುತ್ತೇವೆ

ಬಜೆಟ್‌ನಲ್ಲಿ ಘೋಷಿಸಿದ ದುಡ್ಡು ಊರಿನ ಸರ್ಕಾರಿ ಶಾಲೆಗೆ ಬಂತೇ ಎಂದು ನೋಡಲು ಪೋಷಕರ ಕೈಗೆಟುಕುವ ಸೇವೆಗಳು ಮುಖ್ಯವಾಗಿ ಎರಡು: ಯುಡೈಸ್ ಪ್ಲಸ್ (ಶಾಲೆಗಳ ಅಂಕಿಅಂಶ ಕೂಡಿಡುವ ಕೇಂದ್ರದ ವ್ಯವಸ್ಥೆ) ಜಾಲತಾಣದ ಶಾಲಾ ವರದಿ ಪತ್ರ ಮತ್ತು ಮಾಹಿತಿ ಹಕ್ಕು ಅರ್ಜಿ ಹಾಕುವ ಕರ್ನಾಟಕ ಸರ್ಕಾರದ ಜಾಲತಾಣ ಆರ್‌ಟಿಐ ಆನ್‌ಲೈನ್. ಮೊದಲನೆಯದು ಪುಕ್ಕಟೆ, ಐದು ನಿಮಿಷದ ಕೆಲಸ. ಆದರೆ ಅದರಲ್ಲಿರುವುದು ಶಾಲೆಯೇ ತುಂಬಿದ ಅಂಕಿ, ಅದೂ ಹಿಂದಿನ ವರ್ಷದ್ದು. ಅದಕ್ಕೆ ಆಧಾರವಾದ ಕಾಗದ ಬೇಕಿದ್ದರೆ ಆರ್‌ಟಿಐಗೇ ಬರಬೇಕು.

ಹಾಗೆಂದು ಯುಡೈಸ್ ಬಿಡಬೇಡಿ, ಅಲ್ಲಿಂದಲೇ ಶುರು ಮಾಡಿ. ಶಾಲೆಯ 11 ಅಂಕಿಯ ಕೋಡ್ (ನಮ್ಮ ರಾಜ್ಯದ್ದು 29ರಿಂದ ಆರಂಭ) ಹಾಕಿ ದಾಖಲಾತಿ ಸಂಖ್ಯೆ ಬರೆದಿಟ್ಟುಕೊಳ್ಳಿ. ಕೇಂದ್ರ ಪ್ರಾಯೋಜಿತ ಸಮಗ್ರ ಶಿಕ್ಷಣ ಯೋಜನೆಯಲ್ಲಿ ಶಾಲೆಗೆ ವರ್ಷಕ್ಕೊಮ್ಮೆ ಸಿಗುವ ಸಂಯುಕ್ತ ಶಾಲಾ ಅನುದಾನ ನಿಂತಿರುವುದು ಅದರ ಮೇಲೆ. ಮಾರ್ಗಸೂಚಿಯ ವಾರ್ಷಿಕ ದರ 30 ಮಕ್ಕಳವರೆಗೆ 10,000, 100ರವರೆಗೆ 25,000, 250ರವರೆಗೆ 50,000, 1,000ದವರೆಗೆ 75,000, ಅದಕ್ಕೂ ಮೇಲಿದ್ದರೆ 1 ಲಕ್ಷ ರೂಪಾಯಿ. ಇದರಲ್ಲಿ ಕನಿಷ್ಠ ಶೇ. 10 ಸ್ವಚ್ಛತೆಗೆ ಹೋಗಬೇಕು. 98 ಮಕ್ಕಳಿರುವ ಶಾಲೆಗೂ 103 ಮಕ್ಕಳಿರುವ ಶಾಲೆಗೂ ದುಪ್ಪಟ್ಟು ವ್ಯತ್ಯಾಸ. ಅಂಚಿನಲ್ಲಿರುವ ಶಾಲೆಯಾದರೆ ದಾಖಲಾತಿ ಸರಿಯಾಗಿ ನಮೂದಾಗಿದೆಯೇ ಎಂದು ಮೊದಲು ನೋಡಿ. ಎಷ್ಟು ಬರಬೇಕಿತ್ತು ಎಂಬ ಲೆಕ್ಕ ಕೈಯಲ್ಲಿಲ್ಲದೆ ಎಷ್ಟು ಬಂತು ಎಂದು ಕೇಳಿ ಫಲವಿಲ್ಲ.

ಆರ್‌ಟಿಐ ಆನ್‌ಲೈನ್‌ನ ದೊಡ್ಡ ಅನುಕೂಲವೆಂದರೆ ಪೋಸ್ಟಲ್ ಆರ್ಡರ್‌ಗಾಗಿ ಅಂಚೆ ಕಚೇರಿಗೆ ಅಲೆಯಬೇಕಿಲ್ಲ, ಅರ್ಜಿಗೆ ನೋಂದಣಿ ಸಂಖ್ಯೆಯೂ ತಾರೀಕೂ ಕೂಡಲೇ ಸಿಗುತ್ತವೆ. ಮುಂದೆ ಮೇಲ್ಮನವಿಯ ದಿನ ಎಣಿಸಲು ಆ ತಾರೀಕೇ ಆಧಾರ. ಶುಲ್ಕ 10 ರೂಪಾಯಿ, ಬಿಪಿಎಲ್ ಕುಟುಂಬಕ್ಕೆ ಅದೂ ಇಲ್ಲ. ಎಡವಟ್ಟಾಗುವುದು ಕಚೇರಿ ಆಯ್ಕೆಯಲ್ಲಿ. ಎಷ್ಟೋ ಜನ ನೇರ ಸಚಿವಾಲಯಕ್ಕೆ ಹಾಕುತ್ತಾರೆ. ಅಲ್ಲಿಂದ ಆಯುಕ್ತರ ಕಚೇರಿ, ಡಿಡಿಪಿಐ (ಜಿಲ್ಲೆಯ ಶಿಕ್ಷಣ ಉಪನಿರ್ದೇಶಕರು), ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಎಂದು ಅರ್ಜಿ ಇಳಿಯುತ್ತಾ ಹೋಗುತ್ತದೆ. ಐದು ದಿನದೊಳಗೆ ವರ್ಗಾಯಿಸಬೇಕೆಂದು ಮಾಹಿತಿ ಹಕ್ಕು ಕಾಯ್ದೆಯ ಸೆಕ್ಷನ್ 6(3) ಹೇಳಿದರೂ ಕಾಯುವವರು ನೀವೇ. ಒಂದು ಶಾಲೆಯ ವಿಷಯವಾದರೆ ಬಿಇಒ ಕಚೇರಿ ಸಾಕು.

ಕರ್ನಾಟಕದ ನಿಯಮದಲ್ಲಿ ಇನ್ನೊಂದು ಬಿಗಿ ಇದೆ: ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದದೊಳಗೆ. ಬಡವರ ಮಕ್ಕಳ ಶಾಲೆಯ ಲೆಕ್ಕ ಕೇಳುವವರಿಗೆ ಈ ಮಿತಿ ಅನ್ಯಾಯವೆಂದೇ ನಮ್ಮ ಅಭಿಪ್ರಾಯ. ಆದರೆ ತಿರಸ್ಕಾರಕ್ಕೆ ನೆಪ ಕೊಡಬೇಡಿ. 2023ರ ನವೆಂಬರ್ 1ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಸರ್ಕಾರಿ ಶಾಲೆಗಳಿಗೆ ಉಚಿತ ವಿದ್ಯುತ್, ನೀರು ಘೋಷಿಸಿದರಲ್ಲ, ಅದನ್ನು ಪರಿಶೀಲಿಸುವುದಾದರೆ ಶಾಲೆಯ ಆರ್‌ಆರ್ ನಂಬರ್ (ವಿದ್ಯುತ್ ಸಂಪರ್ಕದ ಸಂಖ್ಯೆ) ಹಾಕಿ ಬಾಕಿ ಬಿಲ್ಲಿನ ಪ್ರತಿಯನ್ನು ಬೇರೆ ಅರ್ಜಿಯಲ್ಲೇ ಕೇಳಿ. ಸಂಯುಕ್ತ ಅನುದಾನದ ಜೊತೆ ಬೆರೆಸಬೇಡಿ.

ಉತ್ತರದ ಗುಣಮಟ್ಟ ನಿಮ್ಮ ಪ್ರಶ್ನೆಯ ಮೇಲೇ ನಿಂತಿದೆ. "ಅನುದಾನ ಯಾಕೆ ಬಂದಿಲ್ಲ?" ಎಂದರೆ ಕಾರಣ ಕೊಡುವುದು ಮಾಹಿತಿಯಲ್ಲ ಎಂಬ ಒಂದು ಸಾಲು ಬರೆದು ಕೈ ತೊಳೆದುಕೊಳ್ಳುತ್ತಾರೆ. ದಾಖಲೆಯ ಹೆಸರು ಹಿಡಿದು ಕೇಳಿ: ಇಂಥ ಆರ್ಥಿಕ ವರ್ಷದ ಬಿಡುಗಡೆ ಆದೇಶ, ಶಾಲೆಯ ನಗದು ಪುಸ್ತಕದ ಪುಟಗಳು, ಓಚರ್‌ಗಳು, ಹಣ ಬಳಕೆ ಪ್ರಮಾಣಪತ್ರ. ಪಾಸ್‌ಬುಕ್ ಒಂದನ್ನೇ ನಂಬಬೇಡಿ. 2021ರಿಂದ ಕೇಂದ್ರ ಪ್ರಾಯೋಜಿತ ಯೋಜನೆಗಳ ಹಣ ಏಕ ನೋಡಲ್ ಖಾತೆಯ (ಯೋಜನೆಗೆ ರಾಜ್ಯಮಟ್ಟದಲ್ಲಿ ಒಂದೇ ಖಾತೆ) ಮೂಲಕ ಸಾಗುವ ಪದ್ಧತಿ ಬಂದಿದೆ. ಶಾಲೆಯದು ಶೂನ್ಯ ಶಿಲ್ಕಿನ ಖಾತೆಯಾಗಿದ್ದರೆ ಅದಕ್ಕೆ ದುಡ್ಡಿನ ಬದಲು ಖರ್ಚಿನ ಮಿತಿ ಮಾತ್ರ ನಿಗದಿಯಾಗುತ್ತದೆ. ಮಾರ್ಚ್ ಕೊನೆಯಲ್ಲಿ ಮಿತಿ ಕೊಟ್ಟು, ಮುಖ್ಯಶಿಕ್ಷಕರು ಬಿಲ್ಲು ಮಾಡುವಷ್ಟರಲ್ಲಿ ವರ್ಷ ಮುಗಿದರೆ ಕಾಗದದಲ್ಲಿ ಬಿಡುಗಡೆ, ಶಾಲೆಯಲ್ಲಿ ಸೊನ್ನೆ. ಆದ್ದರಿಂದ ಮಿತಿ ನಿಗದಿಯಾದ ತಾರೀಕು ಹಾಗೂ ಖರ್ಚಾದ ಮೊತ್ತ ಎರಡನ್ನೂ ತೋರಿಸುವ ಪಿಎಫ್‌ಎಂಎಸ್ (ಸರ್ಕಾರಿ ಹಣದ ಸಾಗಣೆ ದಾಖಲಿಸುವ ಆನ್‌ಲೈನ್ ವ್ಯವಸ್ಥೆ) ವರದಿ ಕೇಳಲೇಬೇಕು. ತಪ್ಪು ಶಾಲೆಯದೋ ಮೇಲಿನದೋ ಎಂದು ಹೇಳುವ ಕಾಗದ ಅದು. ಎಷ್ಟೋ ಕಡೆ ಬೈಗುಳ ತಿನ್ನುವವರು ಮುಖ್ಯಶಿಕ್ಷಕರು.

ದಾಖಲೆಯ ನಕಲಿಗೆ ಪುಟಕ್ಕೆ 2 ರೂಪಾಯಿ. 30 ದಿನ ಮೀರಿದರೆ ಸೆಕ್ಷನ್ 7(6)ರಂತೆ ಪುಕ್ಕಟೆ ಕೊಡಬೇಕು. ಉತ್ತರ ಬಾರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ, ಅಲ್ಲೂ ಆಗದಿದ್ದರೆ 90 ದಿನದೊಳಗೆ ಮಾಹಿತಿ ಆಯೋಗ. ಸೇವೆ ಸೋಲುವುದು ಈ ಕೊನೆಯ ಮೆಟ್ಟಿಲಲ್ಲಿ. ದಿನಕ್ಕೆ 250ರಂತೆ 25,000 ರೂಪಾಯಿವರೆಗೆ ದಂಡ ಹಾಕುವ ಅಧಿಕಾರ ಆಯೋಗಕ್ಕಿದ್ದರೂ ವಿಚಾರಣೆಗೆ ಬರುವಾಗ ಮಗು ಮುಂದಿನ ತರಗತಿಗೆ ಹೋಗಿರುತ್ತದೆ. ಅಲ್ಲಿವರೆಗೆ ಸುಮ್ಮನಿರಬೇಕಿಲ್ಲ: ಸಿಕ್ಕಷ್ಟು ಪ್ರತಿಗಳನ್ನು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿಟ್ಟು, ಬಾಕಿ ಮೊತ್ತ ನಮೂದಿಸಿ ನಡಾವಳಿ ಬರೆಸಿ, ಅದರ ಪ್ರತಿಯನ್ನು ಬಿಇಒ ಕಚೇರಿಗೆ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ.