ಬರ್ಬರೀನ್ ಕ್ಯಾಪ್ಸೂಲ್: ಒಂದು ವರ್ಷ ನುಂಗಿದ ಮೇಲೆ

ಐದಕ್ಕೆ ಮೂರು ಸ್ಟಾರ್. ತೂಕ ಇಳಿಯಲಿ ಅಂತ ಕೊಳ್ಳುವವರು ಒಂದೇ ಸ್ಟಾರ್ ಅಂದುಕೊಳ್ಳಿ.

ನನಗೆ ನಲವತ್ತು ದಾಟಿದೆ. ಶುರು ಮಾಡುವಾಗ ತೂಕ 91 ಕೆ.ಜಿ. ಹೊಟ್ಟೆಯ ಸುತ್ತಳತೆ ನೂರು ಸೆಂ.ಮೀ. ಮೇಲಿತ್ತು. ನಮ್ಮ ದೇಶದ ಗಂಡಸರಿಗೆ 90 ದಾಟಿದರೇ ಜಾಸ್ತಿ ಅಂತ ಲೆಕ್ಕ. ಕತ್ತಿನ ಹಿಂದೆ ಚರ್ಮ ಕಪ್ಪಾಗಿ, ದಪ್ಪಗಾಗಿತ್ತು. ಕೊಳೆ ಅಂತ ಹೆಂಡತಿ ಬ್ರಷ್ ಹಿಡಿದು ಉಜ್ಜಿದ್ದೇ ಉಜ್ಜಿದ್ದು. ದೇಹ ಇನ್ಸುಲಿನ್ ಮಾತು ಕೇಳದಿದ್ದಾಗ ಹೀಗಾಗುತ್ತದೆ ಅಂತ ಡಾಕ್ಟರ್ ಹೇಳಿದ ಮೇಲೆ ಉಜ್ಜುವುದು ನಿಂತಿತು. ಎರಡು-ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ ಟೆಸ್ಟಿನಲ್ಲಿ 6.1 ಬಂತು. ಅಂದರೆ ಶುಗರ್ ಇನ್ನೂ ಬಂದಿಲ್ಲ, ಹೊಸ್ತಿಲಲ್ಲಿ ನಿಂತಿದೆ.

ರಾತ್ರಿ ಅನ್ನ ಕಡಿಮೆ ಮಾಡಿ, ಸಂಜೆ ವಾಕಿಂಗ್ ಹಿಡಿದು ಆಗಲೇ ಕೆಲವು ತಿಂಗಳಾಗಿತ್ತು. ತೂಕ ಅಲ್ಲೇ ನಿಂತಿತ್ತು. ಅದನ್ನೇನೂ ಬದಲಿಸದೆ, ಡಾಕ್ಟರಿಗೆ ಹೇಳಿಯೇ ಕ್ಯಾಪ್ಸೂಲ್ ಸೇರಿಸಿದೆ. 'ತಗೊಳ್ಳಿ, ಆದ್ರೆ ಲಿವರ್ ಟೆಸ್ಟೂ ಮಾಡಿಸ್ತಾ ಇರಿ' ಅಂದರು.

ಬರ್ಬರೀನ್ ಅಂದರೆ ನಮ್ಮ ಮರದರಿಶಿನದ ಜಾತಿಯ ಗಿಡಗಳಲ್ಲಿರುವ ಕಡುಹಳದಿ ಅಂಶ. ಎಷ್ಟು ಹಳದಿ ಅಂದರೆ, ಮಳೆಗಾಲದಲ್ಲಿ ಡಬ್ಬಿಯೊಳಗೆ ಕ್ಯಾಪ್ಸೂಲ್‌ಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಬಿಡಿಸಲು ಹೋದಾಗ ಒಂದು ಒಡೆಯಿತು. ಬೆರಳು, ಬನಿಯನ್ ಎಲ್ಲ ಹಳದಿ. ಬೆರಳು ನೆಕ್ಕಿ ನೋಡಿದೆ. ಹಾಗಲಕಾಯಿ ಇದರ ಮುಂದೆ ಸಿಹಿ!

ಎಲ್ಲರೂ ಉದಾಹರಣೆ ಕೊಡುವುದು 2008ರ ಚೀನಾದ ಅಧ್ಯಯನವನ್ನು. 500 ಮಿ.ಗ್ರಾಂ. ದಿನಕ್ಕೆ ಮೂರು ಸಲ, ಮೂರು ತಿಂಗಳು. ಶುಗರ್‌ಗೆ ಡಾಕ್ಟರುಗಳು ಸಾಮಾನ್ಯವಾಗಿ ಬರೆದುಕೊಡುವ ಮೆಟ್‌ಫಾರ್ಮಿನ್ ಮಾತ್ರೆ ಜೊತೆ ಹೋಲಿಸಿದ್ದರು. ಬರ್ಬರೀನ್ ತಗೊಂಡವರ ಎಚ್‌ಬಿಎ1ಸಿ 9.5ರಿಂದ 7.5ಕ್ಕೆ ಇಳಿಯಿತು. ಚೆನ್ನಾಗಿದೆ. ಆದರೆ ಅದರಲ್ಲಿ ಇದ್ದದ್ದು ಬರೀ 36 ಜನ, ಅವರಿಗೆಲ್ಲ ಶುಗರ್ ಆಗಲೇ ಏರಿತ್ತು. 9.5ರಿಂದ ಇಳಿಯಲು ಜಾಗ ಇದೆ. 6.1ರಿಂದ ಎಲ್ಲಿಗೆ ಇಳಿಯುತ್ತದೆ? ಜಾಹೀರಾತಿನಲ್ಲಿ ಈ ಮಾತು ಬರುವುದೇ ಇಲ್ಲ.

ನನ್ನ ರಿಪೋರ್ಟ್ ಹೇಳುತ್ತೇನೆ. ಬರೀ ಹೊಟ್ಟೆಯ ಸಕ್ಕರೆ 108 ಇತ್ತು, 101 ಆಯಿತು. ಬರೀ ಹೊಟ್ಟೆಯ ಇನ್ಸುಲಿನ್ 18 ಇದ್ದದ್ದು 14. ಈ ಎರಡನ್ನು ಗುಣಿಸಿ 405ರಿಂದ ಭಾಗಿಸಿದರೆ ಬರುವುದಕ್ಕೆ ಹೋಮಾ-ಐಆರ್ ಅನ್ನುತ್ತಾರೆ. ದೇಹ ಇನ್ಸುಲಿನ್ ಮಾತನ್ನು ಎಷ್ಟು ಕೇಳುತ್ತಿಲ್ಲ ಅನ್ನುವುದರ ಅಂದಾಜು ಅದು, ಕಡಿಮೆಯಾದಷ್ಟು ಒಳ್ಳೆಯದು. ನನ್ನದು 4.8ರಿಂದ 3.5ಕ್ಕೆ ಬಂತು. ಇನ್ಸುಲಿನ್ ಒಂದೊಂದು ದಿನ ಒಂದೊಂದು ಥರ ಇರುತ್ತದೆ, ಹಾಗಾಗಿ ಇದನ್ನೇ ಹಿಡಿದು ಕುಣಿಯುವಂತಿಲ್ಲ. ಎಚ್‌ಬಿಎ1ಸಿ 5.9. ತೂಕ ಇಳಿದದ್ದು ಒಂದೂವರೆ ಕೆ.ಜಿ. ಅಷ್ಟೆ. ಕತ್ತಿನ ಕಪ್ಪು ಹಾಗೇ ಇದೆ.

2023ರಲ್ಲಿ ಇದನ್ನು 'ನಿಸರ್ಗದ ಒಜೆಂಪಿಕ್' ಅಂತ ಟಿಕ್‌ಟಾಕ್‌ನಲ್ಲಿ ಮೆರೆಸಿದರು. ಒಜೆಂಪಿಕ್ ಅಂದರೆ ತೂಕವನ್ನೂ ಇಳಿಸುವ ಒಂದು ಶುಗರ್ ಇಂಜೆಕ್ಷನ್. ಸುಮ್ನೆ ಮಾತು. ಒಜೆಂಪಿಕ್‌ನಲ್ಲಿರುವ ಸೆಮಾಗ್ಲುಟೈಡನ್ನು ಜಾಸ್ತಿ ಡೋಸಿನಲ್ಲಿ ಕೊಟ್ಟ ದೊಡ್ಡ ಅಧ್ಯಯನದಲ್ಲಿ 68 ವಾರಕ್ಕೆ ಸರಾಸರಿ 15% ತೂಕ ಇಳಿದಿತ್ತು. ನನ್ನ ಒಂದೂವರೆ ಕೆ.ಜಿ.ಯನ್ನು ಅದರ ಪಕ್ಕ ಇಡೋಕಾಗುತ್ತಾ?

ಮೊದಲ ಎರಡು ವಾರ ಹೊಟ್ಟೆ ಕೆಟ್ಟಿತು. ಒಂದು ದಿನ ಭೇದಿ, ಮರುದಿನ ಕಟ್ಟಿಕೊಳ್ಳುವುದು, ಜೊತೆಗೆ ಗ್ಯಾಸ್. ದಿನಕ್ಕೆ ಒಂದರಿಂದ ಶುರು ಮಾಡಿ, ಊಟದ ಜೊತೆ ತಗೊಂಡರೆ ಹೊಂದಿಕೊಳ್ಳುತ್ತದೆ.

ಕೊಳ್ಳುವವರು ಡಬ್ಬಿಯ ಹಿಂಬದಿ ಓದಿ. ಮುಂದೆ ದಪ್ಪಕ್ಷರದಲ್ಲಿ 1000 ಮಿ.ಗ್ರಾಂ. ಅಂತ ಇರುತ್ತದೆ. ಅದು ಗಿಡದ ಸಾರದ ತೂಕ. ಅದರಲ್ಲಿ ಬರ್ಬರೀನ್ ಶೇಕಡಾ ಎಷ್ಟು ಅನ್ನುವುದೇ ಮುಖ್ಯ. ನಾನು ನಡುವೆ ತರಿಸಿದ ಇನ್ನೊಂದು ಕಂಪನಿಯ ಡಬ್ಬಿಯಲ್ಲಿ ಮಧುನಾಶಿನಿ, ದಾಲ್ಚಿನ್ನಿ, ಮೆಂತ್ಯ ಎಲ್ಲ ಬೆರೆಸಿ ಯಾವುದೂ ಎಷ್ಟಿದೆ ಅಂತ ಬರೆದಿರಲಿಲ್ಲ. ಕೇಳಿದರೆ ಕಸ್ಟಮರ್ ಕೇರ್‌ನವರು 'ಅದು ನಮ್ಮ ಫಾರ್ಮುಲಾ ಸರ್' ಅಂದರು. ಡಬ್ಬಿ ವಾಪಸ್ ಕಳಿಸಿದೆ. 'ಔಷಧಿಯಾಗಿ ಬಳಸಲು ಅಲ್ಲ' ಅಂತ ಅದೇ ಡಬ್ಬಿಯ ಮೂಲೆಯಲ್ಲಿ ಇರುವೆ ಸಾಲಿನ ಅಕ್ಷರ. ಆನ್‌ಲೈನ್ ಜಾಹೀರಾತಿನಲ್ಲಿ ಮಾತ್ರ 'ಶುಗರ್ ಮಾಯ'! ಶುಗರ್, ಬೊಜ್ಜು ವಾಸಿ ಮಾಡುತ್ತೇವೆ ಅಂತ ಜಾಹೀರಾತು ಕೊಡುವುದು 1954ರ ಕಾನೂನಿಗೆ ವಿರುದ್ಧ, ಅಲ್ವಾ?

ಗರ್ಭಿಣಿಯರು, ಎದೆಹಾಲು ಕೊಡುವವರು ಇದನ್ನು ಮುಟ್ಟಲೇಬೇಡಿ, ಮಗುವಿಗೆ ಕಾಮಾಲೆ ಜಾಸ್ತಿಯಾಗುವ ಅಪಾಯ ಇದೆ. ಶುಗರ್ ಮಾತ್ರೆ ತಗೊಳ್ಳುವವರು ಜೊತೆಗೆ ಇದನ್ನೂ ಸೇರಿಸಿದರೆ ಸಕ್ಕರೆ ವಿಪರೀತ ಇಳಿಯಬಹುದು. ಬೇರೆ ಕೆಲವು ಔಷಧಿಗಳು ರಕ್ತದಲ್ಲಿ ಎಷ್ಟು ಉಳಿಯುತ್ತವೆ ಅನ್ನುವುದನ್ನೂ ಇದು ಬದಲಿಸುತ್ತದೆ. 'ಗಿಡಮೂಲಿಕೆ ತಾನೆ' ಅಂತ ಡಾಕ್ಟರ್ ಹತ್ತಿರ ಮುಚ್ಚಿಡಬೇಡಿ.

ಇನ್ನು ದುಡ್ಡು. 60ರ ಡಬ್ಬಿಗೆ 900 ರೂಪಾಯಿ. ದಿನಕ್ಕೆ ಮೂರರಂತೆ 20 ದಿನಕ್ಕೆ ಖಾಲಿ. ತಿಂಗಳಿಗೆ 1,350 ರೂಪಾಯಿ ಆಯಿತು. ಮೆಟ್‌ಫಾರ್ಮಿನ್ ಇದರ ಮುಂದೆ ಚಿಲ್ಲರೆ ಕಾಸು. ಗಿಡದಿಂದಲೇ ಬಂದದ್ದು ಬೇಕು ಅನ್ನುವವರಿಗೆ ಹೇಳುತ್ತೇನೆ, ಮೆಟ್‌ಫಾರ್ಮಿನ್‌ನ ಮೂಲವೂ ಗಲೀಗಾ ಅನ್ನುವ ಯುರೋಪಿನ ಒಂದು ಗಿಡದಲ್ಲಿದ್ದ ಅಂಶವೇ.

ಆ್ಯಪ್‌ನಲ್ಲಿ ಪ್ರತಿ ತಿಂಗಳ ಆರ್ಡರ್ ರದ್ದು ಮಾಡಿದ್ದೇನೆ. ಮೂರು ತಿಂಗಳು ಬಿಟ್ಟು ಅದೇ ಲ್ಯಾಬಿನಲ್ಲಿ ಮತ್ತೆ ಟೆಸ್ಟ್. ಸಂಖ್ಯೆ ಏರಿದರೆ ಡಾಕ್ಟರ್ ಬರೆದುಕೊಡುವ ಮಾತ್ರೆ ಶುರು ಮಾಡುತ್ತೇನೆ.