ಬಂದರಿನ ಪರಿಸರ ವರದಿ ಓದಲು ಮೂರು ದಾರಿ: ಪೋರ್ಟಲ್, ಭಾವ, ಆರ್‌ಟಿಐ

ನಮ್ಮೂರು ಹೊನ್ನಾವರದ ಕಡೆ. ಬಂದರು ಅಂದರೆ ಸಾಕು, ಮನೆಯಲ್ಲಿ ಎಲ್ಲರ ಕಿವಿ ನೆಟ್ಟಗಾಗುತ್ತದೆ. ಹಾಗಾಗಿ ಮಹಾರಾಷ್ಟ್ರದ ವಾಧವನ್ ಕಂಟೇನರ್ ಬಂದರಿಗೆ 2024ರ ಜನವರಿ 19ಕ್ಕೆ ಜನರ ಅಹವಾಲು ಸಭೆ ಎಂದು ಗೊತ್ತಾದಾಗ, ಅದರ ಪರಿಸರ ಪರಿಣಾಮ ವರದಿಯನ್ನು ಬೆಂಗಳೂರಿನ ಹನುಮಂತನಗರದಲ್ಲಿ ಕೂತೇ ಓದಲು ಆಗುತ್ತದಾ ಅಂತ ನೋಡಿದೆ.

ಮೊದಲು ಪೋರ್ಟಲ್, ಅಂದರೆ ಕೇಂದ್ರ ಪರಿಸರ ಸಚಿವಾಲಯದ ‘ಪರಿವೇಶ್’ ವೆಬ್‌ಸೈಟ್. ಖರ್ಚಿಲ್ಲ, ಯಾರನ್ನೂ ಕೇಳಬೇಕಿಲ್ಲ. ಯೋಜನೆಯ ಹೆಸರು ಹಾಕಿ ಹುಡುಕಿದರೆ ಅರ್ಜಿ, ತಜ್ಞರ ಸಮಿತಿಯ ನಡಾವಳಿ ಎಲ್ಲ ಸಿಗುತ್ತದೆ. ನಡಾವಳಿಯನ್ನು ತಪ್ಪಿಸಬೇಡಿ. ಸಮಿತಿ ಏನು ಕೇಳಿತು, ಕಂಪನಿ ಏನು ಉತ್ತರ ಕೊಟ್ಟಿತು ಅನ್ನೋದು ಅಲ್ಲೇ ಇರುತ್ತದೆ. ಆದರೆ ನನ್ನ ಹಳೇ ಮೊಬೈಲ್‌ನಲ್ಲಿ ನಕ್ಷೆ ತೆರೆದರೆ ಬರೀ ಮಸುಕು. ಪೆನ್‌ಡ್ರೈವ್ ಹಿಡಿದು ಗಾಂಧಿ ಬಜಾರಿನ ಜೆರಾಕ್ಸ್ ಅಂಗಡಿಗೆ ಹೋದೆ. "ಪೂರ್ತಿನಾ ಸಾರ್?" ಅಂದ ಹುಡುಗ, ಗಾಬರಿಯಲ್ಲಿ. ನಕ್ಷೆ ಮಾತ್ರ ಸಾಕಪ್ಪ ಅಂದೆ. ಎ4ರಲ್ಲಿ ತಿಳಿಹಸಿರು, ಅಚ್ಚ ಹಸಿರು ಎರಡೂ ಒಂದೇ. ಎ3ರಲ್ಲಿ ಬಣ್ಣದ ಪ್ರಿಂಟ್ ತೆಗೆದ ಮೇಲೆ ಸಮುದ್ರ ತುಂಬುವ ಜಾಗ ಯಾವುದು, ಹಳ್ಳಿ ಯಾವುದು ಅಂತ ಬೆರಳಿಟ್ಟು ತೋರಿಸಲು ಆಯಿತು.

ಎರಡನೆಯದು ಕಾಗದದ ಪ್ರತಿ. ಕೇಂದ್ರದ 2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ ಕರಡು ವರದಿ ಜಿಲ್ಲಾಧಿಕಾರಿ ಕಚೇರಿ, ಜಿಲ್ಲಾ ಪಂಚಾಯಿತಿ, ಜಿಲ್ಲಾ ಕೈಗಾರಿಕಾ ಕೇಂದ್ರಗಳಲ್ಲಿ ಜನರಿಗೆ ನೋಡಲು ಸಿಗಬೇಕು. ಸಾರಾಂಶ ಸ್ಥಳೀಯ ಭಾಷೆಯಲ್ಲೂ ಇರಬೇಕು. ಆದರೆ ಅದು ಬಂದರಿನ ಜಿಲ್ಲೆ ಪಾಲ್ಘರ್‌ನಲ್ಲಿ, ನಾನು ಇಲ್ಲಿ. ವಿರಾರ್‌ನಲ್ಲಿರುವ ಭಾವ ಒಂದು ದಿನ ಲೋಕಲ್ ಹತ್ತಿ ಹೋಗಿ ಬಂದರು. "ಇದು ಓದೋ ಪುಸ್ತಕ ಅಲ್ಲಪ್ಪ, ಹೊರೋ ಪುಸ್ತಕ" ಅಂತ ನಕ್ಕರು. ಮರಾಠಿ ಸಾರಾಂಶವನ್ನು ಫೋನಿನಲ್ಲೇ ಕನ್ನಡಕ್ಕೆ ತಿರುಗಿಸಿ ಓದಿ ಹೇಳಿದರು. ಬಂದರು ಬರುವ ಡಹಾಣು ತಾಲ್ಲೂಕು 1991ರಿಂದಲೇ ಪರಿಸರ ಸೂಕ್ಷ್ಮ ಪ್ರದೇಶ, ಅಲ್ಲಿನ ಪರಿಸರ ಕಾಯಲು ಇರುವ ಪ್ರಾಧಿಕಾರ 1998ರಲ್ಲಿ ಬಂದರು ಬೇಡ ಎಂದಿತ್ತು, ಆದರೆ 2023ರ ಜುಲೈನಲ್ಲಿ ಷರತ್ತು ಹಾಕಿ ಒಪ್ಪಿತು. ಈ ಹಿನ್ನೆಲೆ ನನಗೆ ಗೊತ್ತಾದದ್ದೂ ಅವರಿಂದಲೇ. ಎಲ್ಲರಿಗೂ ಇಂಥ ಭಾವ ಇರೋದಿಲ್ಲ, ಅಲ್ವಾ?

ಮೂರನೆಯದು ಆರ್‌ಟಿಐ, ಅಂದರೆ ಮಾಹಿತಿ ಹಕ್ಕಿನ ಅರ್ಜಿ. ಅದು ನನ್ನ ದೊಡ್ಡ ತಪ್ಪು. ಶುಲ್ಕ 10 ರೂಪಾಯಿ, ಪುಟಕ್ಕೆ 2 ರೂಪಾಯಿ, ಅಗ್ಗವೇ. ಆದರೆ ಲೆಕ್ಕ ನೋಡಿ: ಅಹವಾಲು ಸಭೆಗೆ ಕನಿಷ್ಠ 30 ದಿನದ ನೋಟಿಸ್, ಆರ್‌ಟಿಐ ಉತ್ತರಕ್ಕೂ 30 ದಿನ. ನೋಟಿಸ್ ಬಂದ ವಾರಕ್ಕೆ ಅರ್ಜಿ ಹಾಕಿದರೂ ಸಭೆ ಮುಗಿದ ಮೇಲೆಯೇ ಉತ್ತರ. ನನಗೂ ಹಾಗೇ ಆಯಿತು. ಬಂದ ಉತ್ತರವೋ, "ವರದಿ ವೆಬ್‌ಸೈಟ್‌ನಲ್ಲಿದೆ" ಅಂತ ಒಂದೇ ಸಾಲು! ಫೆಬ್ರವರಿಯಲ್ಲಿ ಬಂದರಿಗೆ ಪರಿಸರ ಅನುಮತಿಯೂ ಸಿಕ್ಕಿತು.

ಹಾಗಂತ ಆರ್‌ಟಿಐ ಪೂರ್ತಿ ದಂಡ ಅಲ್ಲ. ಅನುಮತಿ ಪಡೆದವರು ಪ್ರತಿ ವರ್ಷ ಜೂನ್ 1 ಮತ್ತು ಡಿಸೆಂಬರ್ 1ಕ್ಕೆ ಷರತ್ತು ಪಾಲನೆಯ ವರದಿ ಕೊಡಬೇಕು. ಅದು ಎಲ್ಲೂ ಕಾಣದಿದ್ದರೆ ಆಗ ಅರ್ಜಿ ಹಾಕಿ. 30 ದಿನ ಕಾದರೂ ಆಗ ಕಳಕೊಳ್ಳೋದು ಏನೂ ಇಲ್ಲ.