ಸಿಡ್ನಿಯಲ್ಲಿ ಮಗುವನ್ನು ಕ್ರಿಕೆಟ್‌ಗೆ ಸೇರಿಸಿದ್ದೀರಾ? ದೊಡ್ಡ ಕ್ಲಬ್ಬಿನ ಕಾರ್ಡ್ ಮಾಡಿಸುವ ಮುಂಚೆ ಇದನ್ನು ಓದಿ

ಸಿಡ್ನಿಗೆ ಹೊಸದಾಗಿ ಬಂದಿರುವ ನಮ್ಮವರಿಗೆ, ಅದರಲ್ಲೂ ಮಕ್ಕಳನ್ನು ಆಟಕ್ಕೆ ಸೇರಿಸಿರುವ ಅಪ್ಪ ಅಮ್ಮಂದಿರಿಗೆ ಇದನ್ನು ಬರೆಯುತ್ತಿದ್ದೇನೆ. ದೊಡ್ಡ ಕ್ಲಬ್ಬಿನ ಜೂಜಿನ ಮೆಷಿನ್‌ಗೆ ಸಂಸಾರದ ದುಡ್ಡು ಹೋದ ಕಥೆ ಇದು. ನಡೆದದ್ದು ನಮ್ಮ ಅಕ್ಕನ ಮನೆಯಲ್ಲಿ. ಅಕ್ಕ, ಭಾವ ಇಬ್ಬರೂ ಓದಿ "ಹಾಕು, ಇನ್ನೊಬ್ಬರ ಮನೇಲಿ ಹೀಗಾಗೋದು ಬೇಡ" ಅಂದ ಮೇಲೇ ಹಾಕುತ್ತಿದ್ದೇನೆ. ಕ್ಲಬ್ಬಿನ ಹೆಸರು ಬರೆಯಲ್ಲ. ಬರೆದರೆ ಅದೊಂದಕ್ಕೆ ಹೋಗದಿದ್ದರೆ ಸಾಕು ಅಂದುಕೊಳ್ಳುತ್ತೀರಿ. ಈ ರಾಜ್ಯದ ಬಹಳಷ್ಟು ದೊಡ್ಡ ಕ್ಲಬ್‌ಗಳು ನಡೆಯೋದೇ ಹೀಗೆ.

ಇಲ್ಲಿ ಲೀಗ್ಸ್ ಕ್ಲಬ್ (ರಗ್ಬಿ ಲೀಗ್‌ನವರದ್ದು), ಬೌಲಿಂಗ್ ಕ್ಲಬ್ (ಲಾನ್ ಬೌಲ್ಸ್ ಆಟದವರದ್ದು), ಆರ್‌ಎಸ್‌ಎಲ್ ಕ್ಲಬ್ (ಮಾಜಿ ಸೈನಿಕರ ಸಂಘದ್ದು) ಅಂತ ಬಡಾವಣೆಗೊಂದು ಇರುತ್ತೆ. ಒಳಗೆ ಹೋದರೆ ಹೋಟೆಲು, ಬಾರು, ಮಕ್ಕಳು ಆಡೋ ಜಾಗ, ಹುಟ್ಟುಹಬ್ಬ ಮಾಡೋಕೆ ದೊಡ್ಡ ಹಾಲ್. ಊಟ ಹೊರಗಿಗಿಂತ ಅಗ್ಗ. ಗಾಡಿ ನಿಲ್ಲಿಸೋಕೆ ದುಡ್ಡಿಲ್ಲ. ಮನೆವರೆಗೂ ಬಿಟ್ಟು ಬರೋಕೆ ಅವರದೇ ಪುಟ್ಟ ಬಸ್ಸು. ಸದಸ್ಯತ್ವದ ಕಾರ್ಡಿಗೆ ಕೆಲವೇ ಡಾಲರ್. ಇಷ್ಟೆಲ್ಲ ಇಷ್ಟು ಅಗ್ಗಕ್ಕೆ ಹೇಗೆ ಕೊಡ್ತಾರೆ ಅನ್ನೋದಕ್ಕೆ ಉತ್ತರ ಪಕ್ಕದ ಕೋಣೆಯಲ್ಲಿದೆ. ಪೋಕೀಸ್. ಪರದೆ ಮೇಲೆ ಚಿತ್ರಗಳು ತಿರುಗುವ ಜೂಜಿನ ಮೆಷಿನ್. ಸಿಡ್ನಿ ಇರುವ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ 1956ರಲ್ಲೇ ಕ್ಲಬ್‌ಗಳಿಗೆ ಇವನ್ನು ಇಟ್ಟುಕೊಳ್ಳೋಕೆ ಕಾನೂನಿನ ಅನುಮತಿ ಸಿಕ್ಕಿತು. ಈಗ ಕ್ಲಬ್ಬು, ಪಬ್ಬು ಸೇರಿ ರಾಜ್ಯದಲ್ಲಿ 80,000ಕ್ಕೂ ಜಾಸ್ತಿ ಮೆಷಿನ್‌ಗಳಿವೆ. ಜನ ಇವುಗಳಲ್ಲಿ ವರ್ಷಕ್ಕೆ ಕಳೆದುಕೊಳ್ಳೋದು 800 ಕೋಟಿ ಡಾಲರ್‌ಗೂ ಮೇಲೆ.

ಅಕ್ಕನ ಮಗ ಅವರ ಏರಿಯಾದ ಜೂನಿಯರ್ ಕ್ರಿಕೆಟ್ ಕ್ಲಬ್ಬಿಗೆ ಸೇರಿದ. ಅದು ಚಿಕ್ಕ ಕ್ಲಬ್. ಅಪ್ಪ ಅಮ್ಮಂದಿರೇ ಸ್ಕೋರ್ ಬರೆಯೋದು, ಅವರೇ ಸಾಸೇಜ್ ಸುಟ್ಟು ಮಾರೋದು. ಅಂಗಿಯ ಎದೆ ಮೇಲೆ ಪಕ್ಕದ ದೊಡ್ಡ ಕ್ಲಬ್ಬಿನ ಲೋಗೋ. ಕಿಟ್ ಬ್ಯಾಗು, ನೆಟ್ಸು, ಪಿಚ್ಚಿನ ಮ್ಯಾಟು, ಎಲ್ಲಕ್ಕೂ ಅವರದೇ ಹಣ. ಸೀಸನ್ ಮುಗಿದಾಗ ಟ್ರೋಫಿ ಕೊಡುವ ಪ್ರೆಸೆಂಟೇಶನ್ ನೈಟ್ ಕೂಡ ಅಲ್ಲೇ. ಬಾಗಿಲಲ್ಲೇ ಲೈಸೆನ್ಸ್ ನೋಡಿ ಸಹಿ ಹಾಕಿಸಿಕೊಂಡರು. "ಸದಸ್ಯರಾದರೆ ನಮ್ಮ ಹುಡುಗರಿಗೂ ಒಳ್ಳೇದು, ಸ್ಪಾನ್ಸರ್ ಖುಷಿಯಾಗ್ತಾರೆ" ಅಂತ ಟೀಮಿನ ಮ್ಯಾನೇಜರ್ ಹೇಳಿದರು. ಎಲ್ಲ ಅಪ್ಪಂದಿರ ಜೊತೆ ಭಾವನೂ ಕಾರ್ಡ್ ಮಾಡಿಸಿದರು. ಯಾರೂ ಅವರನ್ನು ಜೂಜಿಗೆ ಕರೆಯಲಿಲ್ಲ. ಕರೆಯೋ ಅಗತ್ಯವೇ ಇರಲಿಲ್ಲ.

ಶುಕ್ರವಾರ ಪ್ರಾಕ್ಟೀಸ್ ಮುಗಿದ ಮೇಲೆ ಊಟಕ್ಕೆ ಅಲ್ಲಿಗೇ ಹೋಗುವ ರೂಢಿಯಾಯ್ತು. ಟೇಬಲ್ ಖಾಲಿಯಾಗುವವರೆಗೆ ಭಾವ ಸುಮ್ನೆ ಮೆಷಿನ್‌ಗೆ ಇಪ್ಪತ್ತು ಡಾಲರ್ ಹಾಕಿ ನೋಡಿದರು. ಗೆದ್ದರು ಕೂಡ. ಆಮೇಲೆ ಆಫೀಸ್ ಮುಗಿಸಿ ಒಬ್ಬರೇ ಹೋಗೋದು ಶುರುವಾಯ್ತು. ಭಾವ ಕುಡಿಯುವವರಲ್ಲ. ಊರಲ್ಲಿ ಒಂದು ಲಾಟರಿ ಟಿಕೆಟ್ ಕೂಡ ಕೊಂಡವರಲ್ಲ. ಇದನ್ನು ಯಾಕೆ ಹೇಳ್ತಿದ್ದೀನಿ ಅಂದರೆ, "ನಮ್ಮ ಮನೆಯವರು ಅಂಥವರಲ್ಲ" ಅಂತ ಈಗ ಓದುತ್ತಿರುವ ಎಷ್ಟೋ ಜನ ಅಂದುಕೊಳ್ಳುತ್ತಿರುತ್ತೀರಿ. ಅಕ್ಕನೂ ಹಾಗೇ ಇದ್ದಳು.

ಗೊತ್ತಾದದ್ದು ಬ್ಯಾಂಕ್ ಸ್ಟೇಟ್‌ಮೆಂಟಿನಿಂದ. ಮನೆ ಸಾಲದ ಜೊತೆ ಇರುವ ಆಫ್‌ಸೆಟ್ ಖಾತೆಯಲ್ಲಿ ಅಪ್ಪ ಊರಿಂದ ಕಳಿಸಿದ್ದ ದುಡ್ಡೂ ಇತ್ತು. ಬಾತ್ರೂಮ್ ರಿಪೇರಿಗೆ ಅಡ್ವಾನ್ಸ್ ಕೊಡೋಣ ಅಂತ ಅಕ್ಕ ತೆರೆದು ನೋಡಿದರೆ ಸಾಲುಸಾಲು ಎಟಿಎಂ. 200, ಎಟಿಎಂ ಶುಲ್ಕ. 200, ಮತ್ತೆ ಶುಲ್ಕ. 400. ಒಂದೇ ರಾತ್ರಿಯವು, ಒಂದೇ ಜಾಗದವು. ಆ ದಿನ ಭಾವ "ರಿಲೀಸ್ ಇದೆ, ಆಫೀಸಲ್ಲಿ ಲೇಟ್ ಆಗುತ್ತೆ" ಅಂದಿದ್ದರು. ಅಕ್ಕ ನನಗೆ ಫೋನ್ ಮಾಡಿ ಸಾಲುಗಳನ್ನು ಒಂದೊಂದಾಗಿ ಓದುತ್ತಾ ಹೋದಳು. ಎರಡನೇ ಪುಟಕ್ಕೆ ಬಂದಾಗ ಅವಳ ದನಿ ನಿಂತುಹೋಯ್ತು. ಎಲ್ಲ ಕೂಡಿಸಿದರೆ ಅಪ್ಪ ಕಳಿಸಿದ್ದಕ್ಕಿಂತ ಜಾಸ್ತಿಯೇ ಹೋಗಿತ್ತು.

ಅಂಥ ಓದಿಕೊಂಡ ಮನುಷ್ಯ ಹೇಗೆ ಸಿಕ್ಕಿಬಿದ್ದರು ಅಂತ ಎಲ್ಲರೂ ಕೇಳುತ್ತಾರೆ. ಮೆಷಿನ್ ಹೇಗೆ ಕೆಲಸ ಮಾಡುತ್ತೆ ಅಂತ ತಿಳಿದರೆ ಆ ಪ್ರಶ್ನೆ ಉಳಿಯಲ್ಲ. ಒಂದು ಡಾಲರ್ ಪಣಕ್ಕಿಟ್ಟು ಬಟನ್ ಒತ್ತುತ್ತೀರಿ. 30 ಸೆಂಟ್ ವಾಪಸ್ ಬರುತ್ತೆ. ನೀವು ಕಳೆದುಕೊಂಡಿದ್ದು 70 ಸೆಂಟ್. ಆದರೂ ಮೆಷಿನ್ ದೀಪ ಹೊತ್ತಿಸಿ, ಗಂಟೆ ಬಾರಿಸಿ, ಗೆದ್ದಿರಿ ಅಂತ ಸಂಭ್ರಮ ಮಾಡುತ್ತೆ. ಮೂರು ಚಿತ್ರ ಕೂಡಬೇಕಾದ ಕಡೆ ಎರಡು ಕೂಡಿ, ಮೂರನೆಯದು ಒಂದೇ ಮನೆ ಆಚೆ ನಿಲ್ಲುತ್ತೆ. ಇನ್ನೇನು ಬಂದೇಬಿಡ್ತು ಅನ್ನಿಸುತ್ತೆ. ಬರಲ್ಲ. ಪ್ರತಿ ಒತ್ತಿಗೂ ಫಲಿತಾಂಶ ಹೊಸದಾಗಿಯೇ ನಿರ್ಧಾರವಾಗುತ್ತೆ, ಹಿಂದಿನ ಸೋಲಿನ ಲೆಕ್ಕ ಅದಕ್ಕಿಲ್ಲ. ಒಂದೊಂದು ಆಟಕ್ಕೂ ಕೆಲವೇ ಸೆಕೆಂಡು. ಈ ರಾಜ್ಯದಲ್ಲಿ ಒಂದು ಒತ್ತಿಗೆ 10 ಡಾಲರ್‌ವರೆಗೂ ಕಟ್ಟಬಹುದು.

"ಕಾನೂನು ಪ್ರಕಾರ 85% ವಾಪಸ್ ಕೊಡಲೇಬೇಕು, ಗೊತ್ತಾ?" ಅಂತ ಭಾವ ಆಗ ನಮಗೇ ಪಾಠ ಹೇಳುತ್ತಿದ್ದರು. ಕನಿಷ್ಠ 85% ಅನ್ನೋದು ನಿಜ. ಆದರೆ ಅದು ಲೆಕ್ಕವಿಲ್ಲದಷ್ಟು ಆಟಗಳ ಸರಾಸರಿ. ಜೊತೆಗೆ, ಬಂದದ್ದನ್ನು ಜೇಬಿಗೆ ಹಾಕಿಕೊಂಡು ಎದ್ದು ಬರುವವರು ಯಾರಿದ್ದಾರೆ? ಬಂದ 85 ಮತ್ತೆ ಒಳಗೆ ಹೋಗುತ್ತೆ, 72 ಆಗುತ್ತೆ. ಅದೂ ಹೋಗುತ್ತೆ, 61 ಆಗುತ್ತೆ. ಕೂತಷ್ಟು ಹೊತ್ತು ಕರಗುತ್ತಲೇ ಇರುತ್ತೆ. ಮಧ್ಯೆ ಕಾಫಿ ಬಿಸ್ಕತ್ತು ಪುಕ್ಕಟೆ ಸಿಗುತ್ತೆ, ಆಡಿದಷ್ಟೂ ಕಾರ್ಡಿಗೆ ಪಾಯಿಂಟ್ ಸೇರುತ್ತೆ. ಆಸ್ಟ್ರೇಲಿಯಾ ಸರ್ಕಾರಕ್ಕೆ ಸಲಹೆ ಕೊಡುವ ಪ್ರೊಡಕ್ಟಿವಿಟಿ ಕಮಿಷನ್ 2010ರ ತನ್ನ ವರದಿಯಲ್ಲಿ, ಪೋಕೀಸ್‌ಗೆ ಹೋಗುವ ಹಣದಲ್ಲಿ ಸುಮಾರು 40% ಬರೋದು ಜೂಜಿನ ಚಟಕ್ಕೆ ಬಿದ್ದವರಿಂದಲೇ ಅಂತ ಅಂದಾಜು ಮಾಡಿತ್ತು. ಒಂದು ಒತ್ತಿಗೆ ಒಂದೇ ಡಾಲರ್ ಮಿತಿ ಇರಲಿ ಅಂತಲೂ ಶಿಫಾರಸು ಮಾಡಿತ್ತು. ಈ ರಾಜ್ಯದಲ್ಲಿ ಇವತ್ತಿಗೂ ಅದು ಜಾರಿಯಾಗಿಲ್ಲ.

ನನಗೆ ಜಾಸ್ತಿ ಸಂಕಟವಾಗೋದು "ಮಕ್ಕಳ ಆಟಕ್ಕೆ ಕೊಡ್ತೀವಲ್ಲ" ಅನ್ನೋ ಮಾತು ಕೇಳಿದಾಗ. ಅದರ ಲೆಕ್ಕ ನೋಡಿ. ಇಲ್ಲಿ ಕ್ಲಬ್‌ಗ್ರಾಂಟ್ಸ್ ಅಂತ ಒಂದು ಯೋಜನೆ ಇದೆ. ಮೆಷಿನ್‌ಗಳಿಂದ ವರ್ಷಕ್ಕೆ 10 ಲಕ್ಷ ಡಾಲರ್‌ಗಿಂತ ಜಾಸ್ತಿ ಲಾಭ ಬರುವ ಕ್ಲಬ್, ಆ ಮಿತಿಗಿಂತ ಮೇಲಿನ ಲಾಭದ 2.25%ವರೆಗೆ ಸಮಾಜಕ್ಕೆ ಕೊಟ್ಟರೆ, ಅಷ್ಟನ್ನು ಅದರ ತೆರಿಗೆಯಲ್ಲಿ ಬಿಡುತ್ತಾರೆ. ಅಂದರೆ ಒಂದು ಕ್ಲಬ್ಬಿಗೆ ಮೆಷಿನ್‌ಗಳಿಂದ ಒಂದು ಕೋಟಿ ಡಾಲರ್ ಲಾಭ ಬಂದರೆ, ಈ ಬಾಬತ್ತಿನ ಮೊತ್ತ ಸುಮಾರು 2 ಲಕ್ಷ ಡಾಲರ್. ಅದರಲ್ಲೇ ಊರಿನ ಎಲ್ಲ ಸಂಘ ಸಂಸ್ಥೆಗಳಿಗೂ ಪಾಲು. ಅದೂ ಸರ್ಕಾರಕ್ಕೆ ಸೇರಬೇಕಿದ್ದ ತೆರಿಗೆ ಹಣ. ಇಷ್ಟಕ್ಕೆ ನಮ್ಮ ಮಕ್ಕಳು ಅವರ ಲೋಗೋ ಹೊತ್ತು ಆಡಬೇಕು, ನಾವು ಟ್ರೋಫಿ ಇಸ್ಕೊಳ್ಳೋಕೆ ಅವರ ಬಾಗಿಲಿಗೇ ಹೋಗಬೇಕು. ನಮ್ಮ ಭಾವ ಒಬ್ಬರೇ ಕಳೆದ ದುಡ್ಡಲ್ಲಿ ಆ ಟೀಮಿಗೆ ಎಷ್ಟೋ ವರ್ಷ ಬ್ಯಾಟು, ಪ್ಯಾಡು ಕೊಡಿಸಬಹುದಿತ್ತು.

ಮೆಷಿನ್ ಇಲ್ಲದಿದ್ದರೆ ಕ್ರೀಡೆ ಬದುಕಲ್ಲ ಅಂತಾರೆ. ವೆಸ್ಟರ್ನ್ ಆಸ್ಟ್ರೇಲಿಯಾದಲ್ಲಿ ಪೋಕೀಸ್ ಇರೋದು ಪರ್ತ್‌ನ ಒಂದೇ ಒಂದು ಕ್ಯಾಸಿನೋದಲ್ಲಿ. ಕ್ಲಬ್‌ಗಳಲ್ಲಿ ಒಂದೂ ಇಲ್ಲ. ಡೆನ್ನಿಸ್ ಲಿಲ್ಲಿ, ಜಸ್ಟಿನ್ ಲ್ಯಾಂಗರ್ ಆಡಿ ಬೆಳೆದ ರಾಜ್ಯ ಅದು. ಮೆಲ್ಬರ್ನ್ ಕಡೆ ಫುಟಿ (ಆಸ್ಟ್ರೇಲಿಯನ್ ಫುಟ್‌ಬಾಲ್) ತಂಡಗಳಲ್ಲಿ ನಾರ್ತ್ ಮೆಲ್ಬರ್ನ್ 2008ರಲ್ಲೇ ಈ ದಂಧೆ ಬಿಟ್ಟಿತು. ಕಾಲಿಂಗ್‌ವುಡ್‌ನಂಥ ದೊಡ್ಡ ತಂಡ 2018ರಲ್ಲಿ ಹೊರಬಂತು. ಎರಡೂ ಇವತ್ತಿಗೂ ಆಡುತ್ತಿವೆ.

ಈಗ ನೀವು ಮಾಡಬೇಕಾದ್ದು ಹೇಳ್ತೀನಿ. ಸಂಬಳದ ಖಾತೆಯೋ ಆಫ್‌ಸೆಟ್ಟೋ, ಮನೆಯಲ್ಲಿ ಇಬ್ಬರೂ ತಿಂಗಳಿಗೊಮ್ಮೆ ಕೂತು ನೋಡಿ. ಅನುಮಾನ ಅಂತಲ್ಲ, ಅದು ಸಂಸಾರದ ದುಡ್ಡು. ಆಡುವ ಚಟ ಹತ್ತಿದೆ ಅಂತ ಗೊತ್ತಾದ ದಿನವೇ ಜೂಜಿನ ಸಹಾಯವಾಣಿ 1800 858 858ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಎತ್ತುತ್ತಾರೆ, ದುಡ್ಡಿಲ್ಲ, ಮನೆಯವರೂ ಮಾತಾಡಬಹುದು. ಇಂಗ್ಲಿಷ್ ಕಷ್ಟ ಅನ್ನುವ ಹಿರಿಯರಿದ್ದರೆ 131 450ಕ್ಕೆ ಮಾಡಿ ದುಭಾಷಿ ಬೇಕು ಅಂತ ಕೇಳಿ. ಸೆಲ್ಫ್ ಎಕ್ಸ್‌ಕ್ಲೂಷನ್ ಅಂತ ಒಂದು ವ್ಯವಸ್ಥೆ ಇದೆ. ನನ್ನನ್ನು ಒಳಗೆ ಬಿಡಬೇಡಿ ಅಂತ ನಾವೇ ಬರೆದುಕೊಡೋದು. ಒಂದೇ ಸಲಕ್ಕೆ ಹಲವು ಕ್ಲಬ್‌ಗಳಿಗೆ ಕೊಡಬಹುದು. ಭಾವ ಸುತ್ತಮುತ್ತಲಿನ ಎಲ್ಲದಕ್ಕೂ ಕೊಟ್ಟಿದ್ದಾರೆ. ಸಂಬಳ ಈಗ ಅಕ್ಕನ ಖಾತೆಗೆ ಬೀಳುತ್ತೆ, ಅವರೇ ಕೇಳಿ ಮಾಡಿಸಿಕೊಂಡದ್ದು. ಕೌನ್ಸೆಲಿಂಗ್‌ಗೂ ಹೋಗುತ್ತಿದ್ದಾರೆ. ಅವರನ್ನು ಬೈಯ್ಯೋಕೆ ಇಲ್ಲಿ ಯಾರೂ ಬರಬೇಡಿ, ದಯವಿಟ್ಟು.

ಇನ್ನು ಮಕ್ಕಳ ಕ್ಲಬ್‌ಗಳ ಕಮಿಟಿಯಲ್ಲಿ ನಮ್ಮವರು ಬಹಳ ಜನ ಇದ್ದೀರಿ. ಅಕ್ಕ ಈ ಸಲ ಎಜಿಎಂನಲ್ಲಿ (ವಾರ್ಷಿಕ ಸಭೆಯಲ್ಲಿ) ಎದ್ದು ನಿಂತು ಮೂರು ವಿಷಯ ಕೇಳಿದಳು. ಸ್ಪಾನ್ಸರ್ ಹಣ ನಿಜಕ್ಕೂ ಎಷ್ಟು, ಅದಿಲ್ಲದಿದ್ದರೆ ಮಗುವೊಂದಕ್ಕೆ ಫೀ ಎಷ್ಟು ಏರುತ್ತೆ, ಪ್ರೆಸೆಂಟೇಶನ್ ನೈಟ್ ಶಾಲೆಯ ಹಾಲಲ್ಲಿ ಯಾಕೆ ಮಾಡಬಾರದು. ಖಜಾಂಚಿ ಅಲ್ಲೇ ಲೆಕ್ಕ ಹಾಕಿ ಹೇಳಿದ ಫೀ ಏರಿಕೆ, ಇಡೀ ಸಂಸಾರ ಒಂದು ಸಲ ಆ ಕ್ಲಬ್ಬಲ್ಲಿ ಊಟ ಮಾಡುವ ಖರ್ಚಿಗಿಂತ ಕಡಿಮೆ ಇತ್ತು. ಲೋಗೋ ವಿಷಯ ಮುಂದಿನ ಸಭೆಗೆ ಹೋಗಿದೆ. ಟ್ರೋಫಿ ಕಾರ್ಯಕ್ರಮ ಮಾತ್ರ ಶಾಲೆಯ ಹಾಲಿಗೆ ಬಂತು. ಅಡುಗೆ ಎಲ್ಲರ ಮನೆಗಳಿಂದಲೇ, ಅಕ್ಕನ ಪಾಲಿಗೆ ಬಿಸಿಬೇಳೆ ಬಾತ್. ಅವಳು ಕಮಿಟಿಗೆ ಬರೆದ ಪತ್ರ ನನ್ನ ಹತ್ತಿರ ಇದೆ. ನಿಮ್ಮ ಕ್ಲಬ್ಬಿನ ಎಜಿಎಂ ಹತ್ತಿರ ಬಂದಿದ್ದರೆ ಕೇಳಿ, ಕಳಿಸುತ್ತೇನೆ.